ಪತ್ರಿಕೋದ್ಯಮದ ವ್ಯಾಸಂಗವೂ ನಮ್ಮ ಹೆಣ್ಣುಮಕ್ಕಳೂ

ಹತ್ತನೆಯ ತರಗತಿಯ ಫಲಿತಾಂಶ ಪ್ರಕಟವಾದೊಡನೆ ತಾಯಿತಂದೆಗಳು ಪಾಠಶಾಲೆಗೆ ಬಂದು, ಮಗಳು ಮುಂದೇನನ್ನು ಓದಿದರೆ ಒಳ್ಳೆಯದೆಂದು ಉಪಾಧ್ಯಾಯಿನಿಯರೊಡನೆ ಆಲೋಚಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ರೂಢಿಯಾಗಿದೆ. ವೈದ್ಯವೃತ್ತಿ, ದಾದಿಯರ ಶಿಕ್ಷಣ, ಉಪಾಧ್ಯಾಯಿನಿಯರ ತರಬೇತು, ಇಂಜಿನಿಯರಿಂಗು, ಬ್ಯಾಂಕಿನ ಕೆಲಸ ಮುಂತಾದುವುಗಳ ವಿಷಯದಲ್ಲಿ ಹೇಳತಕ್ಕ ಮಾತುಗಳು ಎಲ್ಲರಿಗೂ ತಕ್ಕಮಟ್ಟಿಗೆ ತಿಳಿದವುಗಳೇ. ಆದರೆ ಈಚಿನ ವರ್ಷಗಳಲ್ಲಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಹುಡುಗಿಯರಲ್ಲಿ ಕೆಲವರು ಪತ್ರಿಕೋದ್ಯಮವನ್ನೂ ಸಮೂಹ ಸಂವಹನವನ್ನೂ ಓದಬೇಕೆಂಬ ಇಚ್ಛೆಯನ್ನು ಹೇಳಿಕೊಳ್ಳುತ್ತಿರುವರು. ಆಗ ಮನೆಯವರು ಮೂರು ಪ್ರಶ್ನೆಗಳನ್ನು ಎತ್ತುವುದುಂಟು. ಅದು ಓದಿ ಕಲಿಯುವ ವಿದ್ಯೆಯೇ ಎಂಬುದು ಮೊದಲನೆಯದು; ಅದರಿಂದ ಜೀವನ ಸಾಗುವುದೇ ಎಂಬುದು ಎರಡನೆಯದು; ಹೆಣ್ಣುಮಗಳಿಗೆ ಅದು ತಕ್ಕ ಕೆಲಸವೇ ಎಂಬುದು ಮೂರನೆಯದು. ಮೂರೂ ನ್ಯಾಯವಾದ ಪ್ರಶ್ನೆಗಳು. ಇವುಗಳಿಗೆ ಯಾವುದನ್ನೂ ಮರೆಮಾಚದೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ.

ಮೊದಲು ಹೆಸರುಗಳ ಅರ್ಥವನ್ನು ತಿಳಿದುಕೊಳ್ಳೋಣ. ಪತ್ರಿಕೋದ್ಯಮವೆಂದರೆ ಸುದ್ದಿಯನ್ನು ಹುಡುಕಿ, ಪರೀಕ್ಷಿಸಿ, ಬರೆದು, ತಿದ್ದಿ ಜನರಿಗೆ ಮುಟ್ಟಿಸುವ ಕೆಲಸ. ಅದು ಅಚ್ಚಿನ ಪತ್ರಿಕೆಯಲ್ಲಿ ನಡೆಯಬಹುದು; ಆಕಾಶವಾಣಿಯಲ್ಲಿ, ದೂರದರ್ಶನದಲ್ಲಿ, ಅಂತರ್ಜಾಲದಲ್ಲಿ ನಡೆಯಬಹುದು. ಸಮೂಹ ಸಂವಹನವೆಂಬುದು ಇದಕ್ಕಿಂತ ವಿಶಾಲವಾದ ಮಾತು. ಸಾವಿರಾರು ಮಂದಿಗೆ ಒಂದೇ ವೇಳೆಯಲ್ಲಿ ವಿಷಯವನ್ನು ತಲುಪಿಸುವ ಎಲ್ಲ ಬಗೆಗಳೂ ಅದರಲ್ಲಿ ಅಡಕವಾಗಿವೆ. ಜಾಹೀರಾತು, ಸಾರ್ವಜನಿಕ ಸಂಪರ್ಕ, ಚಲನಚಿತ್ರ, ಲಸಿಕೆಯ ವಿಷಯವಾಗಿ ಆರೋಗ್ಯ ಇಲಾಖೆಯವರು ಹಳ್ಳಿಗಳಲ್ಲಿ ಮಾಡುವ ಪ್ರಚಾರ, ಇವೆಲ್ಲವೂ ಆ ಶಾಸ್ತ್ರದೊಳಗೆ ಬರುತ್ತವೆ. ಆದುದರಿಂದ ಈ ವಿಷಯವನ್ನು ಓದುವವರೆಲ್ಲರೂ ಟಿ.ವಿ.ಯಲ್ಲಿ ಮುಖ ತೋರಿಸಿ ವಾರ್ತೆ ಓದುವವರಾಗುವರೆಂದು ತಿಳಿಯತಕ್ಕದ್ದಲ್ಲ. ಹಾಗಾಗುವವರು ಕೆಲವರೇ. ತೆರೆಯ ಹಿಂದೆ ಕುಳಿತು ಬರೆಯುವವರು, ತಿದ್ದುವವರು, ಅನುವಾದಿಸುವವರು, ಚಿತ್ರ ತೆಗೆಯುವವರು, ಧ್ವನಿಯನ್ನು ಸರಿಪಡಿಸುವವರು ಅವರ ಹಲವು ಪಾಲು ಇರುವರು.

ಇದು ಕಾಲೇಜಿನಲ್ಲಿ ಕಲಿಯುವ ವಿದ್ಯೆಯೇ ಎಂಬ ಸಂದೇಹಕ್ಕೆ ಕಾರಣವಿಲ್ಲದೆ ಇಲ್ಲ. ಕನ್ನಡ ಪತ್ರಿಕೆಗಳನ್ನು ಹುಟ್ಟಿಸಿದ ಮೊದಲ ತಲೆಗಳವರು ಯಾರೂ ಇದನ್ನು ಕಾಲೇಜಿನಲ್ಲಿ ಓದಿದವರಲ್ಲ. ೧೮೪೩ನೆಯ ಜುಲೈ ೧ರಂದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದರು. ಕನ್ನಡದ ಮೊದಲನೆಯ ವೃತ್ತಪತ್ರಿಕೆ ಅದೇ ಎಂದೆಣಿಸಿ, ಆ ದಿನವನ್ನು ಕರ್ನಾಟಕದಲ್ಲಿ ಇಂದಿಗೂ ಪತ್ರಿಕಾ ದಿನವೆಂದು ಆಚರಿಸುತ್ತಾರೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರ ‘ವೃತ್ತಾಂತ ಪತ್ರಿಕೆ’ ೧೮೮೭ರಲ್ಲಿ ಆರಂಭವಾಯಿತು. ಅದೇ ಊರಿನಲ್ಲಿ ‘ವೃತ್ತಾಂತ ಚಿಂತಾಮಣಿ’, ‘ಸಾಧ್ವಿ’ ಮೊದಲಾದ ಪತ್ರಿಕೆಗಳನ್ನು ನಡೆಸಿದ, ಜನರು ತಾತಯ್ಯನವರೆಂದು ಕರೆದ ಎಂ. ವೆಂಕಟಕೃಷ್ಣಯ್ಯನವರು ವೃತ್ತಿಯಿಂದ ಉಪಾಧ್ಯಾಯರು. ಪಾದ್ರಿಗಳೂ ಉಪಾಧ್ಯಾಯರೂ ವಕೀಲರೂ ತಮ್ಮ ಇತರ ಕೆಲಸಗಳ ನಡುವೆ ಪತ್ರಿಕೆ ನಡೆಸಿ, ನಡೆಸುತ್ತಲೇ ಕಲಿತರು.

ನಮ್ಮ ಹೆಣ್ಣುಮಕ್ಕಳು ವಿಶೇಷವಾಗಿ ತಿಳಿಯತಕ್ಕ ಹೆಸರೊಂದು ಹೆಗ್ಗಡದೇವನಕೋಟೆಗೆ ನೆರೆಯ ತಾಲ್ಲೂಕಿನದು. ನಂಜನಗೂಡು ತಿರುಮಲಾಂಬಾ ಅವರು ೧೮೮೭ರಲ್ಲಿ ಹುಟ್ಟಿದವರು. ಬಾಲ್ಯದಲ್ಲಿಯೇ ವಿವಾಹವಾಗಿ, ಬಾಲ್ಯದಲ್ಲಿಯೇ ವೈಧವ್ಯವನ್ನು ಹೊಂದಿದ ಅವರಿಗೆ ಮನೆಯಲ್ಲಿ ತಂದೆಯ ಆಶ್ರಯವೂ ಪುಸ್ತಕಗಳೂ ದೊರೆತವು. ೧೯೧೩ರಲ್ಲಿ ಅವರು ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ಮುಂದೆ ‘ಕರ್ನಾಟಕ ನಂದಿನಿ’, ‘ಸನ್ಮಾರ್ಗದರ್ಶಿನಿ’ ಎಂಬ ಪತ್ರಿಕೆಗಳನ್ನೂ ಹೊರಡಿಸಿದರು. ಹೆಂಗಸರು ಹೊಸ್ತಿಲು ದಾಟುವುದೇ ಮಾತಿಗೆ ಗುರಿಯಾಗುತ್ತಿದ್ದ ಕಾಲದಲ್ಲಿ, ಸಮಾಜವು ಮೂಲೆಗೆ ಸೇರಿಸಿದ ಒಬ್ಬ ಹೆಣ್ಣುಮಗಳು ನಂಜನಗೂಡಿನಲ್ಲಿ ಕುಳಿತು ಸಂಪಾದಕಿಯೂ ಪ್ರಕಾಶಕಿಯೂ ಆದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು ೧೯೨೧ರಲ್ಲಿ ಆರಂಭಿಸಿದ ‘ಸರಸ್ವತಿ’ ಮಾಸಪತ್ರಿಕೆಯು ಸುಮಾರು ನಾಲ್ಕು ದಶಕಗಳ ಕಾಲ ನಡೆಯಿತು. ಹೆಣ್ಣುಮಗಳಿಗೆ ಪತ್ರಿಕೆಯ ಕೆಲಸ ತಕ್ಕದ್ದೇ ಎಂದು ಕೇಳುವವರು, ಕನ್ನಡ ನಾಡಿನಲ್ಲಿ ಆ ಕೆಲಸವನ್ನು ಹೆಂಗಸರು ಒಂದು ಶತಮಾನಕ್ಕೂ ಮೇಲ್ಪಟ್ಟು ಮಾಡುತ್ತ ಬಂದಿರುವರೆಂಬುದನ್ನು ನೆನೆಯಬೇಕು.

ಹಾಗಾದರೆ ಕಾಲೇಜು ಏತಕ್ಕೆ? ಹಿಂದೆ ಪತ್ರಿಕಾಲಯವೇ ಪಾಠಶಾಲೆಯಾಗಿದ್ದಿತು. ಹೊಸಬನು ಬರೆದುದನ್ನು ಹಿರಿಯ ಸಂಪಾದಕರು ಕೆಂಪು ಶಾಯಿಯಿಂದ ತಿದ್ದುವರು. ವಾರಕ್ಕೊಮ್ಮೆ ಪತ್ರಿಕೆ ಹೊರಡುವುದರಿಂದ ವಿಚಾರಿಸಿ ನೋಡಲು ಸಮಯವೂ ಇದ್ದಿತು. ಪತ್ರಿಕೆಗಳು ದಿನಪತ್ರಿಕೆಗಳಾಗಿ, ಅವುಗಳ ಮೇಲೆ ಕಾನೂನಿನ ಹೊಣೆ ಹೆಚ್ಚಿದಂತೆ, ಈ ಕೆಲಸಕ್ಕೆ ಕ್ರಮವಾದ ಶಿಕ್ಷಣ ಬೇಕೆಂಬ ಅಭಿಪ್ರಾಯವು ಬೆಳೆಯಿತು. ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾನಿಲಯದಲ್ಲಿ ೧೯೦೮ರಲ್ಲಿ ಪತ್ರಿಕೋದ್ಯಮ ಶಾಲೆಯು ಸ್ಥಾಪಿತವಾಯಿತು. ಅವಿಭಕ್ತ ಹಿಂದೂಸ್ಥಾನದಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯವು ೧೯೪೧ರಲ್ಲಿ ಈ ಶಿಕ್ಷಣವನ್ನು ಕೊಡತೊಡಗಿತು. ಅದಾಗಿ ಹತ್ತು ವರ್ಷಗಳಿಗೆ, ೧೯೫೧ರಲ್ಲಿ, ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿಯೇ ನಾಡಿಗ ಕೃಷ್ಣಮೂರ್ತಿಯವರ ಪ್ರಯತ್ನದಿಂದ ಪತ್ರಿಕೋದ್ಯಮವು ಪದವಿಯ ವ್ಯಾಸಂಗದಲ್ಲಿ ಒಂದು ವಿಷಯವಾಯಿತು. ಬಸ್ಸಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿ, ನಾಡಿನಲ್ಲಿಯೇ ಅತಿ ಹಳೆಯವುಗಳಲ್ಲೊಂದಾದ ಪತ್ರಿಕೋದ್ಯಮ ವಿಭಾಗವು ಇರುವುದೆಂಬುದು ನಮ್ಮ ತಾಲ್ಲೂಕುಗಳವರಲ್ಲಿ ಅನೇಕರಿಗೆ ತಿಳಿಯದು.

ಧ್ವನಿಯ ಮಾಧ್ಯಮಕ್ಕೂ ನಮ್ಮ ಜಿಲ್ಲೆಯೇ ತವರುಮನೆ. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಸೆಪ್ಟೆಂಬರ್ ೧೦ರಂದು ಮೈಸೂರಿನ ತಮ್ಮ ಮನೆಯಲ್ಲಿಯೇ ಸಣ್ಣದೊಂದು ಬಾನುಲಿ ಕೇಂದ್ರವನ್ನು ಸ್ವಂತ ಖರ್ಚಿನಿಂದ ಆರಂಭಿಸಿದರು. ಅದಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಹೆಸರಾಯಿತು. ಇದೇ ಪರಂಪರೆಯ ಚಿಕ್ಕ ಕೊಂಬೆಯೊಂದು ನಮ್ಮ ಮಗ್ಗುಲಲ್ಲಿಯೇ ಚಿಗುರಿದೆ. ಆಗ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಸರಗೂರಿನಲ್ಲಿ, ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸಂಸ್ಥೆಯವರು ೨೦೧೨ರಲ್ಲಿ ‘ಜನಧ್ವನಿ’ ಎಂಬ ಸಮುದಾಯ ಬಾನುಲಿಯನ್ನು ೯೦.೮ ಎಫ್.ಎಂ.ನಲ್ಲಿ ಆರಂಭಿಸಿದರು. ಸಮುದಾಯ ಬಾನುಲಿಯೆಂದರೆ ಸುತ್ತಲಿನ ಕೆಲವು ಮೈಲಿಗಳ ಜನರಿಗಾಗಿ, ಆ ಜನರ ಮಾತಿನಲ್ಲಿ, ಅವರಿಂದಲೇ ನಡೆಯತಕ್ಕದ್ದು. ಸರ್ಕಾರೇತರ ಸಂಸ್ಥೆಗಳೂ ಇಂತಹ ಕೇಂದ್ರಗಳನ್ನು ನಡೆಸಬಹುದೆಂಬ ನಿಯಮವು ೨೦೦೬ರಲ್ಲಿ ಬಂದಿತು. ಬಿತ್ತನೆಯ ಬೀಜ, ಬಾಣಂತಿಯ ಆರೈಕೆ, ಪಡಿತರ ಚೀಟಿ ಮೊದಲಾದ ನಿತ್ಯದ ವಿಷಯಗಳನ್ನು ಕುರಿತು ಸ್ಥಳೀಕರ ಧ್ವನಿಯಲ್ಲಿ ಮಾತನಾಡಿಸಬಲ್ಲ ಹುಡುಗಿಗೆ ಇಂತಹ ಕಡೆಗಳಲ್ಲಿ ಕೆಲಸವೂ ಉಂಟು, ಕಲಿಕೆಯೂ ಉಂಟು.

ಇನ್ನು ಕಾಲೇಜಿನಲ್ಲಿ ಕಲಿಸುವುದು ಏನೆಂಬುದನ್ನು ಒಂದು ದೃಷ್ಟಾಂತದಿಂದ ಹೇಳುವೆವು. ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ನಡೆಯುವ ಕಾಲದಲ್ಲಿ “ಇಂದು ಬೆಲೆ ನೆಲ ಕಚ್ಚಿತು” ಎಂಬ ಮಾತು ಸಂಜೆಯೊಳಗೆ ಎಲ್ಲ ಊರುಗಳನ್ನೂ ಮುಟ್ಟುವುದೆಂದು ಭಾವಿಸೋಣ. ಕೇಳಿದವರು ಅದನ್ನು ಇನ್ನೊಬ್ಬರಿಗೆ ಹೇಳುವರು. ವರದಿಗಾರ್ತಿಯು ಹಾಗೆ ಹೇಳುವಂತಿಲ್ಲ. ಅವಳು ಹರಾಜು ಮಾರುಕಟ್ಟೆಗೆ ಹೋಗಬೇಕು. ಬೆಲೆ ಬಿದ್ದುದು ಯಾವ ದರ್ಜೆಯ ಸೊಪ್ಪಿಗೆ, ಮೇಲಿನದಕ್ಕೋ ಕೆಳಗಿನದಕ್ಕೋ? ಎಷ್ಟು ಬೇಲುಗಳು ಬಂದವು, ಎಷ್ಟು ಮಾರದೆ ಉಳಿದವು? ಅಂದಿನ ಸರಾಸರಿ ಬೆಲೆಯೇನು, ಹಿಂದಿನ ವಾರದ್ದೇನು, ಹಿಂದಿನ ವರ್ಷ ಇದೇ ದಿನಗಳದ್ದೇನು? ತಂಬಾಕು ಮಂಡಳಿಯ ಅಧಿಕಾರಿಗಳು ಹೇಳುವುದೇನು, ಬೆಳೆಗಾರರು ಹೇಳುವುದೇನು, ಕೊಳ್ಳುವ ಕಂಪೆನಿಯವರು ಹೇಳುವುದೇನು? ಇವಿಷ್ಟನ್ನೂ ಕೇಳಿ ಬರೆದುಕೊಂಡ ಮೇಲೆ, ಯಾರು, ಏನು, ಎಲ್ಲಿ, ಯಾವಾಗ, ಏಕೆ, ಹೇಗೆ ಎಂಬ ಆರು ಪ್ರಶ್ನೆಗಳಿಗೂ ಉತ್ತರ ಬರುವಂತೆ, ಮುಖ್ಯವಾದುದನ್ನು ಮೊದಲಿಟ್ಟು, ತನ್ನ ಅಭಿಪ್ರಾಯವನ್ನು ಸೇರಿಸದೆ, ಮುನ್ನೂರು ಮಾತುಗಳಲ್ಲಿ ಬರೆಯಬೇಕು. ಅದೂ ಹೊತ್ತು ಮುಳುಗುವುದರೊಳಗೆ. ಇದನ್ನೇ ವರದಿಗಾರಿಕೆಯೆನ್ನುವರು. ರಜೆಯ ದಿನಗಳಲ್ಲಿ ಮನೆಯಲ್ಲಿ ಕಡ್ಡಿಗೆ ಸೊಪ್ಪು ಕಟ್ಟಿ, ಬ್ಯಾರನ್ನಿಗೆ ಸೌದೆ ಒಟ್ಟಿ, ಹರಾಜಿನ ದಿನ ತಂದೆಯ ಮುಖ ನೋಡಿದ ಹುಡುಗಿಗೆ ಈ ಪ್ರಶ್ನೆಗಳಲ್ಲಿ ಯಾವುದು ಮುಖ್ಯವೆಂಬುದು ಪರಸ್ಥಳದಿಂದ ಬಂದವರಿಗಿಂತ ಬೇಗ ತಿಳಿಯುವುದು. ಆದರೆ ತಂದೆಯ ಪಕ್ಷವೊಂದನ್ನೇ ಬರೆಯದೆ ಮೂರು ಪಕ್ಷಗಳನ್ನೂ ಕೇಳುವ ಶಿಸ್ತನ್ನು ಅವಳು ಕಲಿತೇ ಪಡೆಯಬೇಕು.

ವರದಿಯಾದ ಮೇಲೆ ಸಂಪಾದನೆ. ಬಂದ ಬರಹದಲ್ಲಿ ಹೆಸರು ಸರಿಯೇ, ಲೆಕ್ಕ ಸರಿಯೇ, ತಾರೀಖು ಸರಿಯೇ ಎಂದು ನೋಡಿ, ಹೆಚ್ಚಿನ ಮಾತನ್ನು ಕಡಿದು, ತಕ್ಕ ತಲೆಬರಹವನ್ನು ಕೊಟ್ಟು, ಪುಟದಲ್ಲಿ ಸ್ಥಳವನ್ನು ಗೊತ್ತುಮಾಡುವುದು ಉಪಸಂಪಾದಕಿಯ ಕೆಲಸ. ವ್ಯಾಕರಣದಲ್ಲಿ ಗಟ್ಟಿಗರಾದ, ಮನೆಯಲ್ಲಿ ಮಾತು ಕಡಮೆಯೆಂದು ಹೆಸರಾದ ಹುಡುಗಿಯರಿಗೆ ಇದು ಬಹಳ ಒಪ್ಪುವ ಕೆಲಸವೆಂದು ನಮ್ಮ ಅಭಿಪ್ರಾಯ. ಇದರೊಡನೆ ಪತ್ರಿಕೆಗಳ ಇತಿಹಾಸ, ಛಾಯಾಚಿತ್ರ, ಬಾನುಲಿಗೆ ಬರೆಯುವ ಕ್ರಮ, ದೃಶ್ಯಗಳನ್ನು ಜೋಡಿಸುವ ಕ್ರಮ, ಜಾಹೀರಾತು, ಅಂತರ್ಜಾಲದ ಬರವಣಿಗೆ ಇವುಗಳೂ ಪಾಠದಲ್ಲಿ ಸೇರಿರುವುವು. ಕಣ್ಣಿಗೆ ಓದುವ ಬರಹಕ್ಕೂ ಕಿವಿಗೆ ಕೇಳಿಸುವ ಬರಹಕ್ಕೂ ಬಹಳ ಭೇದವುಂಟು. ಓದುವವನು ತಿಳಿಯದಿದ್ದರೆ ಹಿಂದಿನ ಸಾಲಿಗೆ ಹೋಗಿ ನೋಡುವನು. ಕೇಳುವವನಿಗೆ ಆ ಅನುಕೂಲವಿಲ್ಲ. ಆದುದರಿಂದ ಬಾನುಲಿಯ ವಾಕ್ಯವು ಚಿಕ್ಕದಾಗಿಯೂ ಒಂದೇ ಅರ್ಥ ಕೊಡುವುದಾಗಿಯೂ ಇರಬೇಕು.

ಕಾನೂನಿನ ಪಾಠವು ಈ ವ್ಯಾಸಂಗದ ಬೆನ್ನೆಲುಬು. ಸಂವಿಧಾನದ ೧೯ನೆಯ ವಿಧಿಯು ಪ್ರಜೆಗಳೆಲ್ಲರಿಗೂ ಮಾತಿನ ಸ್ವಾತಂತ್ರ್ಯವನ್ನು ಕೊಟ್ಟಿದೆ. ಪತ್ರಿಕೆಗಳ ಸ್ವಾತಂತ್ರ್ಯಕ್ಕೂ ಅದೇ ಆಧಾರ. ಆ ವಿಧಿಯಲ್ಲಿಯೇ ಮಾನಹಾನಿ, ನ್ಯಾಯಾಲಯದ ನಿಂದನೆ ಮೊದಲಾದುವುಗಳಿಗೆ ಕಟ್ಟುಗಳೂ ಇವೆ. ಲೈಂಗಿಕ ಅಪರಾಧಕ್ಕೆ ತುತ್ತಾದ ಹೆಣ್ಣುಮಗಳ ಅಥವಾ ಮಗುವಿನ ಹೆಸರನ್ನಾಗಲಿ ಗುರುತನ್ನಾಗಲಿ ಪ್ರಕಟಿಸುವುದು ಅಪರಾಧ. ಊರಿನ ಹೆಸರು, ಶಾಲೆಯ ಹೆಸರು, ತಂದೆಯ ಉದ್ಯೋಗ ಇವುಗಳಿಂದ ಗುರುತು ತಿಳಿಯುವುದಾದರೆ ಅವುಗಳನ್ನೂ ಬರೆಯಬಾರದು. ಇನ್ನೊಂದು, ೨೦೦೫ರ ಮಾಹಿತಿ ಹಕ್ಕಿನ ಕಾನೂನು. ಹಾಡಿಯೊಂದರ ಕೊಳವೆಬಾವಿಗೆ ಮಂಜೂರಾದ ಹಣವೆಷ್ಟು, ಖರ್ಚಾದುದೆಷ್ಟು ಎಂದು ಹತ್ತು ರೂಪಾಯಿನ ಶುಲ್ಕದೊಡನೆ ಅರ್ಜಿ ಕೊಟ್ಟರೆ, ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಕಚೇರಿಯವರು ಉತ್ತರ ಕೊಡಬೇಕು. ಈ ಅರ್ಜಿಯನ್ನು ಬರೆಯಲು ಪತ್ರಕರ್ತೆಯೇ ಆಗಬೇಕಿಲ್ಲ. ಆದರೆ ಏನನ್ನು ಕೇಳಬೇಕು, ಹೇಗೆ ಕೇಳಿದರೆ ನುಣುಚಿಕೊಳ್ಳಲಾಗದು ಎಂಬುದನ್ನು ಈ ವ್ಯಾಸಂಗವು ಕಲಿಸುತ್ತದೆ.

ಇಲ್ಲಿ ನಮ್ಮ ಮುಖ್ಯವಾದ ಮಾತು ಬರುತ್ತದೆ. ಈ ವಿದ್ಯೆಯ ತಿರುಳು ಬರೆಯುವುದರಲ್ಲಿಲ್ಲ, ಮಾತನಾಡುವುದರಲ್ಲಿಯೂ ಇಲ್ಲ. ಕೇಳಿದುದನ್ನು ಪರೀಕ್ಷಿಸದೆ ಹೇಳದಿರುವುದರಲ್ಲಿದೆ. ಒಂದು ಕಾಲದಲ್ಲಿ ಅಚ್ಚುಕೂಟವು ಊರಿಗೊಂದು ಇರುತ್ತಿದ್ದಿತು. ಈಗ ಮನೆಯ ಪ್ರತಿಯೊಂದು ಮೊಬೈಲೂ ಅಚ್ಚುಕೂಟವೇ. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿರುವರೆಂಬ ಸುಳ್ಳು ವದಂತಿಯು ವಾಟ್ಸಾಪಿನ ಮೂಲಕ ಹಬ್ಬಿ, ಬೆಂಗಳೂರಿನಲ್ಲಿಯೂ ಬೀದರ್ ಜಿಲ್ಲೆಯಲ್ಲಿಯೂ ಜನರ ಗುಂಪು ನಿರಪರಾಧಿಗಳನ್ನು ಹೊಡೆದು ಕೊಂದಿತು. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಬಹುಮಂದಿ ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಕಳುಹಿಸಿರಬೇಕು. “ಇದನ್ನು ಮೊದಲು ಹೇಳಿದವರಾರು? ಕಣ್ಣಾರೆ ಕಂಡವರಾರು? ಪೊಲೀಸು ಠಾಣೆಯಲ್ಲಿ ಏನೆನ್ನುವರು?” ಎಂದು ಕೇಳುವ ಒಬ್ಬಳು ಹುಡುಗಿ ಮನೆಯಲ್ಲಿದ್ದರೆ ಆ ಮನೆಯಿಂದ ಅಂತಹ ಸಂದೇಶವು ಹೊರಡುವುದಿಲ್ಲ. ಆದುದರಿಂದ ಈ ವಿಷಯವನ್ನು ಓದಿದವಳು ಕೊನೆಗೆ ಉಪಾಧ್ಯಾಯಿನಿಯಾಗಲಿ, ಗ್ರಾಮ ಪಂಚಾಯಿತಿಯ ಸದಸ್ಯೆಯಾಗಲಿ, ಗೃಹಿಣಿಯಾಗಲಿ, ಓದಿದ್ದು ನಷ್ಟವಾಯಿತೆಂದು ನಾವು ಎಣಿಸಲಾರೆವು.

ನಮ್ಮ ತಾಲ್ಲೂಕುಗಳಿಗೆ ಇದರ ಅಗತ್ಯವು ಹೆಚ್ಚೆಂಬುದಕ್ಕೆ ಮತ್ತೊಂದು ಕಾರಣವುಂಟು. ನಾಗರಹೊಳೆಯ ಅಂಚಿನ ಹಾಡಿಗಳು, ಬೀಚನಹಳ್ಳಿಯ ಕಬಿನಿ ಅಣೆಕಟ್ಟೆಯ ನೀರಿನಲ್ಲಿ ಊರು ಕಳೆದುಕೊಂಡವರು, ಬೈಲುಕುಪ್ಪೆಯಲ್ಲಿ ನೆಲಸಿದ ಟಿಬೆಟ್ಟಿನವರು, ಕೃಷ್ಣರಾಜನಗರದ ಭತ್ತದ ಬಯಲು, ಇವುಗಳ ವಿಷಯವಾಗಿ ಬರೆದವರಲ್ಲಿ ಅನೇಕರು ದೂರದಿಂದ ಬಂದು ಒಂದೆರಡು ದಿನವಿದ್ದು ಹೋದವರು. ೨೦೨೩ನೆಯ ಏಪ್ರಿಲಿನಲ್ಲಿ ಸುಡಾನ್ ದೇಶದಲ್ಲಿ ಯುದ್ಧವಾರಂಭವಾದಾಗ, ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನಾಂಗದವರೂ ಅಲ್ಲಿ ಸಿಕ್ಕಿಕೊಂಡಿದ್ದರು. ಇವರು ಯಾರು, ಗಿಡಮೂಲಿಕೆಯ ಎಣ್ಣೆಯನ್ನು ಮಾರಲು ಆಫ್ರಿಕದವರೆಗೆ ಏಕೆ ಹೋಗುವರು, ಇವರ ಮಾತು ಯಾವುದು ಎಂದು ದೇಶವೆಲ್ಲ ಆ ದಿನಗಳಲ್ಲಿ ಕೇಳಿತು. ಉತ್ತರವನ್ನು ಬಲ್ಲವರು ಹುಣಸೂರಿನಲ್ಲಿಯೇ ಇದ್ದರು. ಇಂತಹ ವೇಳೆಯಲ್ಲಿ, ಆ ಜನರ ಮನೆಬಾಗಿಲಿಗೆ ಹೋಗಿ “ಅಕ್ಕಾ, ಅಣ್ಣ ಫೋನು ಮಾಡಿದನೇ?” ಎಂದು ಕೇಳಬಲ್ಲ, ಕೇಳಿದುದನ್ನು ಗೌರವದಿಂದ ಬರೆಯಬಲ್ಲ ನಮ್ಮೂರ ಹುಡುಗಿಯೊಬ್ಬಳು ಇದ್ದರೆ ಎಷ್ಟು ಉಪಕಾರವಾಗುವುದು! ಉತ್ತರ ಪ್ರದೇಶದ ಚಿತ್ರಕೂಟದಲ್ಲಿ ೨೦೦೨ರಲ್ಲಿ ಆರಂಭವಾದ ‘ಖಬರ್ ಲಹರಿಯಾ’ ಪತ್ರಿಕೆಯನ್ನು ಹಳ್ಳಿಯ ಹೆಂಗಸರೇ, ಅವರಲ್ಲಿಯೂ ಬಹುಮಂದಿ ದಲಿತ ಹೆಂಗಸರೇ, ತಮ್ಮ ಆಡುಮಾತಿನಲ್ಲಿ ಬರೆದು ನಡೆಸಿದರು. ೨೦೦೯ರಲ್ಲಿ ಯುನೆಸ್ಕೋ ಸಂಸ್ಥೆಯು ಅದಕ್ಕೆ ಸಾಕ್ಷರತೆಯ ಬಹುಮಾನವನ್ನು ಕೊಟ್ಟು ಗೌರವಿಸಿತು. ಅವರಿಗೆ ಸಾಧ್ಯವಾದುದು ನಮ್ಮವರಿಗೆ ಅಸಾಧ್ಯವೇನಲ್ಲ.

ಸೇರುವ ಬಗೆಯನ್ನು ಹೇಳುವೆವು. ಪಿ.ಯು.ಸಿ.ಯಲ್ಲಿ ಕಲೆ, ವಾಣಿಜ್ಯ, ವಿಜ್ಞಾನ ಇವುಗಳಲ್ಲಿ ಯಾವುದನ್ನು ಓದಿದವಳಾದರೂ ಬಿ.ಎ.ಯಲ್ಲಿ ಪತ್ರಿಕೋದ್ಯಮವನ್ನು ತೆಗೆದುಕೊಳ್ಳಬಹುದು. ೨೦೨೧ರಲ್ಲಿ ಬಂದಿದ್ದ ನಾಲ್ಕು ವರ್ಷಗಳ ಪದವಿಯ ಏರ್ಪಾಡನ್ನು ರಾಜ್ಯ ಸರ್ಕಾರವು ೨೦೨೪ರಲ್ಲಿ ಬಿಟ್ಟು, ಮೂರು ವರ್ಷಗಳ ಪದವಿಯನ್ನು ಮತ್ತೆ ತಂದಿದೆ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಕನ್ನಡ ಅಥವಾ ಇಂಗ್ಲಿಷ್ ಸಾಹಿತ್ಯ ಇವುಗಳೊಡನೆ ಪತ್ರಿಕೋದ್ಯಮವನ್ನು ಓದುವುದು ಲೇಸು. ಬರೆಯುವ ಕಲೆಯೊಂದನ್ನೇ ಕಲಿತು, ಬರೆಯತಕ್ಕ ವಿಷಯದ ಜ್ಞಾನವಿಲ್ಲದಿದ್ದರೆ ಪ್ರಯೋಜನವಿಲ್ಲ. ಮಹಾರಾಜ ಕಾಲೇಜಲ್ಲದೆ ಮೈಸೂರಿನ ಕೆಲವು ಖಾಸಗಿ ಕಾಲೇಜುಗಳಲ್ಲಿಯೂ ಈ ವಿಷಯವುಂಟು. ಪದವಿಯ ಮೇಲೆ ಎಂ.ಎ. ಓದಲು ಮಾನಸಗಂಗೋತ್ರಿಯಿದೆ. ಮನೆ ಬಿಟ್ಟು ಹೋಗಲಾಗದವರಿಗೆ ಮೈಸೂರಿನಲ್ಲಿಯೇ ೧೯೯೬ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವೂ, ಹೆಣ್ಣುಮಕ್ಕಳೇ ಓದುವ ಸ್ಥಳ ಬೇಕೆನ್ನುವವರಿಗೆ ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾನಿಲಯವೂ ಇರುವುವು.

ಕಾಲೇಜಿಗೆ ಸೇರಿಸುವ ಮುನ್ನ ತಾಯಿತಂದೆಗಳು ನಾಲ್ಕು ವಿಷಯಗಳನ್ನು ಕೇಳಿ ತಿಳಿಯಬೇಕು. ವಿದ್ಯಾರ್ಥಿಗಳೇ ತಯಾರಿಸುವ ಪ್ರಯೋಗ ಪತ್ರಿಕೆಯೊಂದು ನಿಜವಾಗಿ ಹೊರಡುವುದೇ? ಹಿಂದಿನ ಸಂಚಿಕೆಗಳನ್ನು ತೋರಿಸುವರೇ? ಕ್ಯಾಮೆರ, ಧ್ವನಿಮುದ್ರಣದ ಉಪಕರಣ, ಕಂಪ್ಯೂಟರುಗಳು ಬೀರುವಿನಲ್ಲಿ ಇರುವುವೋ ಹುಡುಗಿಯರ ಕೈಯಲ್ಲಿ ಇರುವುವೋ? ಪತ್ರಿಕಾಲಯದಲ್ಲಿ ಕೆಲವು ವಾರಗಳ ತರಬೇತಿಗೆ ಕಾಲೇಜಿನವರೇ ಏರ್ಪಾಡು ಮಾಡುವರೇ? ಇವುಗಳಿಗೆ ನೇರವಾದ ಉತ್ತರ ಬರದಿದ್ದರೆ ಕಟ್ಟಡದ ಅಂದವನ್ನು ನೋಡಿ ಹಣ ಕಟ್ಟಬೇಡಿರಿ. ಖರ್ಚಿನ ವಿಷಯದಲ್ಲಿ ಒಂದು ಸಮಾಧಾನವುಂಟು. ೨೦೨೩ನೆಯ ಜೂನ್ ೧೧ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವಿಲ್ಲವಾಯಿತು. ಮೈಸೂರಿನಲ್ಲಿ ಉಳಿದು ಓದುವವರಿಗೆ ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಅರ್ಜಿಯ ಕಾಲವನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳಬೇಕು.

ಜೀವನೋಪಾಯದ ಪ್ರಶ್ನೆಗೆ ಸಿಹಿಯಾದ ಉತ್ತರವನ್ನು ಕೊಡುವುದು ನಮ್ಮಿಂದಾಗದು. ಪತ್ರಿಕೆಯಲ್ಲಿಯೂ ಟಿ.ವಿ.ಯಲ್ಲಿಯೂ ಆರಂಭದ ಸಂಬಳವು ಸಾಮಾನ್ಯವಾಗಿ ಕಡಮೆ. ತಾಲ್ಲೂಕುಗಳಲ್ಲಿ ಸುದ್ದಿ ಕಳುಹಿಸುವ ಅರೆಕಾಲಿಕ ವರದಿಗಾರರಲ್ಲಿ ಅನೇಕರು ಆ ಹಣವೊಂದರಿಂದಲೇ ಸಂಸಾರ ನಡೆಸಲಾರರು. ಅಚ್ಚಿನ ಪತ್ರಿಕೆಗಳ ಆದಾಯವು ಅಂತರ್ಜಾಲದ ಕಡೆಗೆ ಹರಿದುಹೋಗುತ್ತಿರುವುದರಿಂದ ಕೆಲಸಗಳು ಸ್ಥಿರವಲ್ಲ. ಆದರೆ ಇದೇ ಓದು ಬೇರೆ ಬಾಗಿಲುಗಳನ್ನೂ ತೆರೆಯುವುದು. ರಾಜ್ಯ ಸರ್ಕಾರದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ, ಆಸ್ಪತ್ರೆಗಳು, ವಿಶ್ವವಿದ್ಯಾನಿಲಯಗಳು, ಸೇವಾಸಂಸ್ಥೆಗಳು, ಜಾಹೀರಾತಿನ ಕಂಪೆನಿಗಳು, ಪ್ರಕಾಶಕರು, ಇವರೆಲ್ಲರಿಗೂ ಸ್ಪಷ್ಟವಾಗಿ ಬರೆಯಬಲ್ಲವರು ಬೇಕು. ಎಂ.ಎ. ಆದ ಮೇಲೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಕಾಲೇಜಿನಲ್ಲಿ ಬೋಧಿಸಬಹುದು. ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ತಪ್ಪಿಲ್ಲದೆ ತರಬಲ್ಲವಳಿಗೆ ಕೆಲಸದ ಅಭಾವವು ಅಷ್ಟಾಗಿ ಇರದು. ಆದುದರಿಂದ ಪತ್ರಿಕೋದ್ಯಮ ಓದುವ ಹುಡುಗಿ ಎರಡು ಭಾಷೆಗಳನ್ನೂ ಗಟ್ಟಿಮಾಡಿಕೊಳ್ಳಬೇಕೆಂದು ಒತ್ತಿ ಹೇಳುವೆವು. ಮನೆಯ ಸಾಲವು ಮಗಳ ಮೊದಲ ವರ್ಷದ ಸಂಬಳವನ್ನು ಕಾದಿರುವುದಾದರೆ, ಮೊದಲು ಬೇರೊಂದು ಕೆಲಸಕ್ಕೆ ಅರ್ಹತೆ ಪಡೆದು, ಆ ಮೇಲೆ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಇದನ್ನು ಓದುವುದು ವಿವೇಕ.

ಮೂರನೆಯ ಪ್ರಶ್ನೆಯಲ್ಲಿ ತಾಯಂದಿರ ಭಯವು ಅಡಗಿದೆ. ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಪತ್ರಿಕಾಲಯದ ಕೆಲಸವು ರಾತ್ರಿಯವರೆಗೆ ನಡೆಯುವುದುಂಟು. ಅಪರಿಚಿತರೊಡನೆ ಮಾತನಾಡಬೇಕಾಗುವುದು. ಬಲಶಾಲಿಗಳಿಗೆ ಹಿತವಲ್ಲದುದನ್ನು ಬರೆದವರಿಗೆ ಬೆದರಿಕೆ ಬರುವುದುಂಟು. ಪತ್ರಿಕೆಯ ಸಂಪಾದಕಿಯಾಗಿದ್ದ ಗೌರಿ ಲಂಕೇಶರನ್ನು ೨೦೧೭ನೆಯ ಸೆಪ್ಟೆಂಬರ್ ೫ರಂದು ಬೆಂಗಳೂರಿನಲ್ಲಿ ಅವರ ಮನೆಯ ಮುಂದೆಯೇ ಗುಂಡಿಕ್ಕಿ ಕೊಂದರು. ಇದನ್ನು ಹೇಳದೆ ಬಿಟ್ಟರೆ ಓದುಗರಿಗೆ ಅರ್ಧ ಸತ್ಯವನ್ನು ಕೊಟ್ಟಂತಾಗುವುದು. ಆದರೆ ಇನ್ನರ್ಧವನ್ನೂ ಹೇಳಬೇಕು. ಇಂದು ಕನ್ನಡ ಪತ್ರಿಕಾಲಯಗಳಲ್ಲಿ ಹೆಂಗಸರು ವರದಿಗಾರರಾಗಿಯೂ ಉಪಸಂಪಾದಕರಾಗಿಯೂ ನಿತ್ಯವೂ ದುಡಿದು ಮನೆಗೆ ಮರಳುತ್ತಿರುವರು; ಆರ್. ಪೂರ್ಣಿಮಾ ಅವರು ‘ಉದಯವಾಣಿ’ಯ ಬೆಂಗಳೂರು ಆವೃತ್ತಿಯ ಸಂಪಾದಕರಾಗಿ ದಿನಪತ್ರಿಕೆಯೊಂದರ ಹೊಣೆಯನ್ನು ಹೊತ್ತವರು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಚೇರಿಯಲ್ಲಿ ಹೆಂಗಸರ ದೂರನ್ನು ಕೇಳಲು, ಹೆಂಗಸರೊಬ್ಬರ ಅಧ್ಯಕ್ಷತೆಯಲ್ಲಿ ಆಂತರಿಕ ಸಮಿತಿಯಿರಲೇಬೇಕೆಂದು ೨೦೧೩ರ ಕಾನೂನು ಹೇಳುತ್ತದೆ. ಕೆಲಸಕ್ಕೆ ಸೇರುವ ದಿನವೇ ಆ ಸಮಿತಿಯಲ್ಲಿ ಯಾರಿರುವರೆಂದೂ, ರಾತ್ರಿಯ ಪಾಳಿಯ ಮೇಲೆ ಮನೆಗೆ ವಾಹನವುಂಟೇ ಎಂದೂ ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೇಳುವುದೇ ಉದ್ಯೋಗವಾಗಲಿರುವವಳು ತನ್ನ ಕ್ಷೇಮದ ವಿಷಯದಿಂದಲೇ ಅದನ್ನು ಆರಂಭಿಸಲಿ.

ಕೊನೆಯದಾಗಿ, ಈ ಓದು ಯಾರಿಗೆ ಒಪ್ಪುವುದು? ಹೆಸರು ಬರಬೇಕೆಂಬ ಆಸೆಯೊಂದರಿಂದಲೇ ಹೋಗುವವಳು ಬೇಗ ಬೇಸರಗೊಳ್ಳುವಳು. ನೆರೆಮನೆಯ ಮಾತನ್ನು ಕೇಳುವ ಕುತೂಹಲವಲ್ಲ, ಊರಿನ ಕೆರೆಗೆ ನೀರು ಏಕೆ ಬರಲಿಲ್ಲವೆಂದು ತಿಳಿಯುವ ಕುತೂಹಲವುಳ್ಳವಳಿಗೆ ಇದು ಒಪ್ಪುವುದು. ಮಗಳಲ್ಲಿ ಆ ಗುಣವಿದೆಯೇ ಎಂದು ತಿಳಿಯಲು ಮನೆಯಲ್ಲಿಯೇ ಒಂದು ಪರೀಕ್ಷೆಯನ್ನು ಮಾಡಬಹುದು. ಈ ಬೇಸಗೆಯ ರಜೆಯಲ್ಲಿ ಅವಳು ದಿನಕ್ಕೊಂದು ಪತ್ರಿಕೆಯನ್ನು ಮೊದಲಿನಿಂದ ಕಡೆಯವರೆಗೆ ಓದಲಿ. ವಾರಕ್ಕೊಮ್ಮೆ ತನ್ನ ಊರಿನ ಒಂದು ವಿಷಯವನ್ನು, ಹಾಲಿನ ಡೈರಿಯನ್ನೋ ಅಂಗನವಾಡಿಯನ್ನೋ ಸಂತೆಯನ್ನೋ ಕುರಿತು, ಮೂವರನ್ನಾದರೂ ಮಾತನಾಡಿಸಿ ಒಂದು ಪುಟ ಬರೆಯಲಿ. ಬರೆದುದನ್ನು ಆ ಮೂವರಿಗೆ ಓದಿ ಹೇಳಲಿ. “ನಾನು ಹೇಳಿದ್ದು ಹೀಗಲ್ಲ ಮಗಳೇ” ಎಂದು ಅವರಲ್ಲೊಬ್ಬರು ಹೇಳಿದಾಗ ಮುನಿಯದೆ ಕುಳಿತು ತಿದ್ದುವಳಾದರೆ, ಅವಳನ್ನು ತಡೆಯಬೇಡಿರಿ.

ಈಗಾಗಲೇ ಪತ್ರಿಕೆಯಲ್ಲಿಯೋ ಬಾನುಲಿಯಲ್ಲಿಯೋ ಟಿ.ವಿ.ಯಲ್ಲಿಯೋ ಕೆಲಸ ಮಾಡುತ್ತಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿದ್ದರೆ ಅವರಲ್ಲಿ ನಮ್ಮದೊಂದು ಬಿನ್ನಹ. ವರ್ಷದಲ್ಲಿ ಒಂದು ದಿನ ಪಾಠಶಾಲೆಗೆ ಬಂದು ಒಂಬತ್ತು, ಹತ್ತನೆಯ ತರಗತಿಯ ಹುಡುಗಿಯರೊಡನೆ ಮಾತನಾಡಿರಿ. ನಿಮ್ಮ ಸಂಬಳವನ್ನೂ ಆಯಾಸವನ್ನೂ ಮರೆಸದೆ, ನೀವು ಬರೆದ ಒಂದು ವರದಿಯಿಂದ ಯಾವ ಊರಿನ ಯಾವ ಕೆಲಸವಾಯಿತೆಂಬುದನ್ನೂ ಮರೆಯದೆ ಹೇಳಿರಿ. ನಮ್ಮ ಮಕ್ಕಳು ಹಾಗೆ ತಿಳಿದ ಮೇಲೆ ಆರಿಸಿಕೊಳ್ಳಲಿ ಎಂಬುದೇ ನಮ್ಮ ಆಶಯ.